90ರ ದಶಕದ ಸ್ಕೇಟ್‌ಬೋರ್ಡ್ ಡೆಕ್: ಮಗನಿಗೆ ಓಡಿಸೋಕೆ ಕೊಡ್ಲಾ, ಗೋಡೆಗೆ ಹಾಕ್ಲಾ? ಅನುಭವ ಇದ್ದೋರು ಹೇಳಿ

ಫ್ರೀಮಾಂಟ್_ರಾಯ:
ನಮಸ್ಕಾರ ಎಲ್ರಿಗೂ. ಮಗನಿಗೆ 14 ವರ್ಷ, ಶನಿವಾರ ಭಾನುವಾರ ಬಂತಂದ್ರೆ ಸ್ಯಾನ್ ಹೋಸೆ ಲೇಕ್ ಕನಿಂಗ್‌ಹ್ಯಾಮ್ ಸ್ಕೇಟ್ ಪಾರ್ಕಲ್ಲೇ ಬಿದ್ದಿರ್ತಾನೆ. ಮೊನ್ನೆ ಪಕ್ಕದ ಬೀದಿ ಗ್ಯಾರೇಜ್ ಸೇಲಲ್ಲಿ ಒಂದು ಹಳೇ ಡೆಕ್ ನೋಡಿದ್ವಿ, ಬ್ಲೈಂಡ್ ಕಂಪನಿದು, ಟ್ರಕ್ಕೂ (ಚಕ್ರ ಕೂರಿಸೋ ಲೋಹದ ಭಾಗ) ಇಲ್ಲ ಚಕ್ರನೂ ಇಲ್ಲ ಬರೀ ಹಲಗೆ, ಅಂಗಡಿ ಪ್ಲಾಸ್ಟಿಕ್ ಹಾಗೇ ಇದೆ. 1993ರದ್ದಂತೆ, 150 ಡಾಲರ್ ಹೇಳಿದಾರೆ, ಸೋಮವಾರದವರೆಗೂ ಎತ್ತಿಟ್ಟಿರ್ತೀನಿ ಅಂದ್ರು. ಮಗ ಒಂದೇ ಹಠ, ಆಗಿನ ಮರ ಈಗ ಸಿಗಲ್ಲಪ್ಪ, ಇದ್ರಲ್ಲಿ ಎಗರಿದ್ರೆ ಮಜಾನೇ ಬೇರೆ ಅಂತ. ನಮ್ಮಪ್ಪನೂ ಮನೆ ತೇಗದ ಬೀರು ಸವರಿಕೊಂಡು ಇದೇ ಮಾತು ಹೇಳೋರು, ಅದಕ್ಕೇ ನಾನು ಅರ್ಧ ನಂಬ್ಬಿಟ್ಟಿದೀನಿ. ನಿಜವಾಗ್ಲೂ ಆಗಿನ ಡೆಕ್ ಅಷ್ಟು ಚೆನ್ನಾಗಿತ್ತಾ?

ಸನಿವೇಲ್_ಹಳಬ:
ರಾಯರೇ, ನಾನು ಹೈಸ್ಕೂಲ್ ಓದಿದ್ದೇ ಸನಿವೇಲಲ್ಲಿ, 1992ರಿಂದ 96. ಆಗ ಓಡಿಸ್ದೋನು ನಾನು, ಆದ್ರಿಂದ ಕೇಳಿ. ತೇಗದ ಬೀರು ಲೆಕ್ಕ ಇಲ್ಲಿಗೆ ಬರಲ್ಲ. ಅದು ಇಡೀ ಹಲಗೆ, ಇದು ಮೇಪಲ್ ಮರದ ತೆಳು ಹಾಳೆಗಳನ್ನ ಅಂಟು ಹಚ್ಚಿ ಅಚ್ಚಲ್ಲಿ ಒತ್ತಿ ಮಾಡಿದ್ದು, ಸಾಮಾನ್ಯವಾಗಿ ಏಳು ಪದರ, ಅದ್ರಲ್ಲಿ ಐದರ ನಾರು ಉದ್ದಕ್ಕೆ ಎರಡರದ್ದು ಅಡ್ಡಕ್ಕೆ. ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ. ಆಗಿನ ಡೆಕ್ಕು ಮುರೀತಿರ್ಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವ್ರು ಓಡಿಸಿಲ್ಲ ಅಂತ ತಿಳ್ಕೊಳ್ಳಿ. ನನಗೆ ಒಂದು ಡೆಕ್ ಎರಡು ತಿಂಗಳು ಬಂದ್ರೆ ಹಬ್ಬ. 50 ಡಾಲರ್ ಇರೋದು, ನಮ್ಮಮ್ಮ ಡಾಲರಿಗೆ 31 ರೂಪಾಯಿ ಲೆಕ್ಕ ಹಾಕಿ "ಒಂದೂವರೆ ಸಾವಿರದ ಹಲಗೆ ಮುರ್ಕೊಂಡು ಬಂದ್ಯೇನೋ ಮುಂಡೇದೇ" ಅಂತ ಬೀದಿಗೆ ಕೇಳೋ ಹಾಗೆ ಬೈಯೋರು.

ಹಾಗಾದ್ರೆ ಅದರ ಮೇಲೆ ಯಾಕಿಷ್ಟು ಮೋಹ ಅಂದ್ರೆ, ಬೋರ್ಡು ಈಗಿರೋ ರೂಪಕ್ಕೆ ಬಂದಿದ್ದೇ ಆ ನಾಲ್ಕೈದು ವರ್ಷದಲ್ಲಿ. 80ರ ದಶಕದ್ದು ಹತ್ತು ಇಂಚು ಅಗಲ, ಮೀನಿನ ಥರ, ಬಾಲ ದೊಡ್ಡದು ಮೂತಿ ಮೊಂಡು. 1989ರಲ್ಲಿ ವರ್ಲ್ಡ್ ಇಂಡಸ್ಟ್ರೀಸ್ ಅನ್ನೋ ಬೋರ್ಡ್ ಕಂಪನಿಯೋರು ಮೈಕ್ ವ್ಯಾಲಿಲಿ ಅನ್ನೋ ಸ್ಕೇಟರ್ ಹೆಸರಲ್ಲಿ ಒಂದು ಬಿಟ್ರು, ದನದ ಕೊಟ್ಟಿಗೆ ಪ್ರಾಣಿಗಳ ಚಿತ್ರ ಇರೋದು, ಅದು ಎರಡೂ ಕಡೆ ಮೇಲಕ್ಕೆ ಬಾಗಿತ್ತು. ಅಲ್ಲಿಂದ ಮೂರೇ ವರ್ಷ, 1992-93ಕ್ಕೆ ಎಲ್ಲರ ಕೈಲೂ ಏಳೂವರೆ ಇಂಚಿನ ಐಸ್‌ಕ್ಯಾಂಡಿ ಕಡ್ಡಿ, ಮುಂದೆ ಯಾವ್ದು ಹಿಂದೆ ಯಾವ್ದು ಗೊತ್ತೇ ಆಗಲ್ಲ. ಚಕ್ರ 40 ಮಿಲಿಮೀಟರ್, ಕೋಟಿನ ಗುಂಡಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಕಡಲೆಕಾಳಷ್ಟು ಕಲ್ಲು ಸಿಕ್ಕಿದ್ರೂ ಮೂತಿ ಒಡ್ಕೊಳ್ತಿದ್ವಿ, ನಮ್ಮದು 😀. ಬೋರ್ಡ್ ಓಡಿಸೋ ಹುಡುಗರೇ ದೊಡ್ಡ ಹಳೇ ಕಂಪನಿಗಳನ್ನ ಬಿಟ್ಟು ಬಂದು ಸ್ವಂತದ್ದು ಶುರು ಮಾಡಿದ ಕಾಲ ಅದು. ನೀವು ನೋಡಿರೋ ಬ್ಲೈಂಡೇ ತಗೊಳ್ಳಿ, ಮಾರ್ಕ್ ಗೊನ್ಸಾಲೆಸ್ ಅನ್ನೋ ಸ್ಕೇಟರ್ 1989ರಲ್ಲಿ ವಿಷನ್ ಕಂಪನಿ ಬಿಟ್ಟು ವರ್ಲ್ಡ್ ಇಂಡಸ್ಟ್ರೀಸ್‌ನ ಸ್ಟೀವ್ ರಾಕೋ ಜೊತೆ ಸೇರಿ ಶುರು ಮಾಡಿದ್ದು, ವಿಷನ್ ಅಂದ್ರೆ ದೃಷ್ಟಿ ಅಲ್ವಾ, ಅವ್ರನ್ನ ಕೆಣಕೋಕೆ ಇವ್ನು ಕುರುಡು ಅಂತಲೇ ಹೆಸರಿಟ್ಟ. 1993ರಲ್ಲಿ ರಿಕ್ ಹೊವರ್ಡ್, ಮೈಕ್ ಕ್ಯಾರಲ್ ಮತ್ತೆ ರಾಕೋ ಬಳಗದಿಂದನೇ ಎದ್ದು ಹೋಗಿ ಗರ್ಲ್ ಅನ್ನೋ ಕಂಪನಿ ಕಟ್ಟಿದ್ರು, ಮುಂದಿನ ವರ್ಷ ಚಾಕೊಲೇಟ್ ಅಂತ ಇನ್ನೊಂದು. ಚಿತ್ರಗಳು ಬರೋದು ಹೋಗೋದು, ಅಂಗಡಿಗೆ ಈ ಸಲ ಹೋದಾಗ ನೋಡಿದ್ದು ಮುಂದಿನ ಸಲ ಇರ್ತಿರ್ಲಿಲ್ಲ. ಎತ್ತಿಡ್ಬೇಕು ಅಂತ ನಮಗೆ ಹೊಳೀಲೇ ಇಲ್ಲ, ಎಲ್ಲಾ ಉಜ್ಜಿ ಉಜ್ಜಿ ಮುಗಿಸಿದ್ವಿ. ನನ್ನ ಹತ್ರ ಇವತ್ತು ಒಂದೂ ಇಲ್ಲ.

ಮಂಗಳೂರು_ಪ್ಲೈವುಡ್:
ನನ್ನ ಕಸುಬು ಪ್ಲೈವುಡ್ಡು, ಸ್ಕೇಟಿಂಗ್ ಬಗ್ಗೆ ಏನೂ ಗೊತ್ತಿಲ್ಲ ಮಾರಾಯ್ರೇ, ಅಂಟಿನ ಬಗ್ಗೆ ಮಾತ್ರ ಹೇಳ್ತೇನೆ. ಮೂವತ್ತು ವರ್ಷ ಆದ ಅಂಟು ಒಣಗಿ ಗರಿಗರಿ ಆಗಿರ್ತದೆ. ನಿಂತ್ರೆ ತಡೀಬಹುದು, ಹಾರಿ ಬಿದ್ರೆ ತಡೀತದೆ ಅಂತ ನಾನಂತೂ ಬರ್ದು ಕೊಡುದಿಲ್ಲ. ನಮ್ಮ ಚಿಕ್ಕಪ್ಪನ ಮಗ 1998ರಲ್ಲಿ ಅಮೆರಿಕದಿಂದ ಬರುವಾಗ ನನಗೊಂದು ತಂದಿದ್ದ, ಓಡಿಸ್ಲಿಕ್ಕೆ ಬಾರದೆ ಅಟ್ಟದಲ್ಲಿಟ್ಟೆ, ಮೂರು ಮಳೆಗಾಲ ಕಳೆದು ಇಳಿಸಿ ನೋಡ್ತೇನೆ, ಅಂಚೆಲ್ಲ ಹಳೇ ಪುಸ್ತಕದ ಹಾಳೆ ಥರ ಬಿಚ್ಚಿಕೊಂಡಿತ್ತು. ನೀವು ಹೋದಾಗ ಮೂರು ಕೆಲಸ ಮಾಡಿ. ಅಂಚಿನ ಸುತ್ತ ಉಗುರು ಓಡಿಸಿ, ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಅಲ್ಲಿ ಪದರ ಬಿಟ್ಟಿದೆ. ಬೆರಳಲ್ಲಿ ತಟ್ಟಿ, ಮಧ್ಯೆ ಎಲ್ಲಾದ್ರೂ ಡಬ್ ಅಂತ ಸತ್ತ ಶಬ್ದ ಬಂದ್ರೆ ಒಳಗೆ ಟೊಳ್ಳು. ಆಮೇಲೆ ಸಪಾಟು ಮೇಜಿನ ಮೇಲಿಟ್ಟು ನೋಡಿ, ನಾಲ್ಕು ಕಡೆ ಒಂದೇ ಥರ ಕೂರ್ಬೇಕು, ಒಂದು ಮೂಲೆ ಕುಣಿದ್ರೆ ತಿರುಚಿದೆ ಅಂತ ಅರ್ಥ. ಪ್ಲಾಸ್ಟಿಕ್ ಇದೆ ಅಂತ ಖುಷಿ ಪಡ್ಬೇಡಿ, ಬಿಗಿ ಸುತ್ತಿದ ಪ್ಲಾಸ್ಟಿಕ್ ವರ್ಷಗಟ್ಟಲೆ ಎಳೆದು ಎಳೆದು ಹಲಗೆಯನ್ನೇ ಬಗ್ಗಿಸ್ತದೆ.

ಇಂಕ್_ಮೂಗ:
ಮೊದಲು ಅದು 93ರದ್ದು ಹೌದಾ ಅಂತ ನೋಡಿ ಸಾರ್. ಹಳೇ ಚಿತ್ರಗಳನ್ನೇ ಮತ್ತೆ ಹಾಕಿ ಹೊಸದಾಗಿ ಬಿಡ್ತಾರೆ, ಅದು ಮೋಸ ಅಲ್ಲ, ಹೊಸದು ಅಂತ ಹೇಳಿ ಮಾರಿದ್ರೆ. ನನಗೆ ಹೇಳದೇ ಮಾರಿದ್ರು, ಆನ್‌ಲೈನಲ್ಲಿ 220 ಡಾಲರ್ ಕೊಟ್ಟು ಮನೇಲಿ ಬಿಚ್ಚಿ ಬೆರಳಿಟ್ಟ ತಕ್ಷಣ ಎದೆ ಧಸಕ್ ಅಂತು. ಹೇಗೆ ಗೊತ್ತಾಯ್ತು ಅಂದ್ರೆ, ಆಗ ಚಿತ್ರ ಹಾಕ್ತಿದ್ದಿದ್ದು ಸ್ಕ್ರೀನ್ ಪ್ರಿಂಟ್, ನಮ್ಮೂರಲ್ಲಿ ಮದುವೆ ಕಾರ್ಡಿಗೆ ಹಾಕ್ತಿದ್ರಲ್ಲ ಅದೇ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು, ಅದೂ ಬಾಗಿರೋ ಹಲಗೆ ಮೇಲೆ ಕೈಯಲ್ಲಿ ಎಳೀಬೇಕು. ಆದ್ರಿಂದ ಬಣ್ಣ ದಪ್ಪ ಇರತ್ತೆ, ಒಂದು ಬಣ್ಣ ಮುಗಿದು ಇನ್ನೊಂದು ಶುರು ಆಗೋ ಕಡೆ ಬೆರಳಿಗೆ ಸಣ್ಣ ಮೆಟ್ಟಿಲು ಸಿಗತ್ತೆ, ಕೆಲವು ಕಡೆ ಗೆರೆ ಅರ್ಧ ಕೂದಲಷ್ಟು ಆಚೀಚೆ ಆಗಿರತ್ತೆ. ನನಗೆ ಆ ಡೆಕ್‌ಗಳ ಮೇಲೆ ಪ್ರಾಣ ಇರೋದೇ ಈ ತಪ್ಪಿಗೆ. ಆಮೇಲಾಮೇಲೆ ಬಂದಿದ್ದು ಬಿಸಿ ಮಾಡಿ ಅಂಟಿಸೋ ಹಾಳೆ, ಎಲ್ಲಾ ನುಣ್ಣಗೆ ಒಂದೇ ಮಟ್ಟ, ಕೆರೆದ್ರೆ ಸಿಪ್ಪೆ ಥರ ಬರತ್ತೆ. ಕೆಲವಕ್ಕೆ ಆಗಲೇ ಹಲಗೆ ತಳಕ್ಕೆ ಪ್ಲಾಸ್ಟಿಕ್ ಪದರ ಹಾಕ್ತಿದ್ರು, ಸ್ಲಿಕ್ ಅಂತಿದ್ರು, ಜಾರೋಕೆ ಚೆನ್ನ, ಅದನ್ನ ನೋಡಿ ನಕಲಿ ಅಂದ್ಕೋಬೇಡಿ.

ಟೇಪ್ ತಗೊಂಡು ಹೋಗಿ. 93 ಅಂತ ಹೇಳಿ ಅಗಲ ಎಂಟೂಕಾಲು ಇಂಚಿದ್ರೆ ನಾನಂತೂ ಅನುಮಾನ ಪಡ್ತೀನಿ, ಅಷ್ಟು ಅಗಲ ಈಗಿನೋರಿಗೆ ಬೇಕಾಗಿರೋದು. ಟ್ರಕ್ ಕೂರಿಸೋ ತೂತುಗಳ ಅಂತರನೂ ಅಳೀರಿ, 80ರ ದಶಕದ ಡೆಕ್ಕಲ್ಲಿ ಉದ್ದಕ್ಕೆ ಎರಡೂವರೆ ಇಂಚು, 90ರ ಶುರುವಲ್ಲಿ ಅದು ಸುಮಾರು ಎರಡು ಇಂಚು ಚಿಲ್ಲರೆಗೆ ಇಳೀತು. ಇನ್ನು 2019ರಲ್ಲಿ ಸದಬೀಸ್ ಹರಾಜಲ್ಲಿ 248 ಡೆಕ್ಕು ಎಂಟು ಲಕ್ಷ ಡಾಲರಿಗೆ ಹೋಯ್ತಲ್ಲಾ ಅಂತ ಯಾರಾದ್ರೂ ಕಿವಿ ಊದಬಹುದು, ಅವೆಲ್ಲಾ ಸುಪ್ರೀಂ ಅನ್ನೋ ಫ್ಯಾಷನ್ ಬ್ರಾಂಡಿನ ಡೆಕ್ಕು, ಆ ರೇಟು ತಂದು ಇದಕ್ಕೆ ಕಟ್ಬೇಡಿ.

ಚಿಲ್ಲರೆ_ಗೌಡ:
93ರ ಬ್ಲೈಂಡು ಪ್ಲಾಸ್ಟಿಕ್ ಸಮೇತ 150ಕ್ಕಾ? ಗುರು ಬೀದಿ ಹೆಸ್ರು ಹಾಕು, ಭಾನುವಾರ ರಾತ್ರಿನೇ ಬರ್ತೀನಿ

ಹಾಸನದ_ಸೊಸೆ:
ಚಿತ್ರ ಏನಿದೆ ಅಂತ ಯಾರೂ ಕೇಳ್ಲೇ ಇಲ್ವಲ್ಲ! ರಾಯರೇ ಮನೆಗೆ ತರೋ ಮುಂಚೆ ಸರಿಯಾಗಿ ನೋಡಿ. ನಮ್ಮೆಜಮಾನ್ರ ಹನ್ನೊಂದು ಡೆಕ್ಕು ಹಾಲಲ್ಲಿ ನೇತಾಡ್ತಿವೆ, ಮೂರನ್ನ ಮಕ್ಕಳು ಹುಟ್ಟಿದ ಮೇಲೆ ಬಟ್ಟೆ ಬೀರು ಹಿಂದೆ ತಳ್ಳಿದೀನಿ, ವರ್ಲ್ಡ್, ಬ್ಲೈಂಡ್‌ನೋರು ಅಪ್ಪ ಅಮ್ಮಂದಿರಿಗೆ ಉರೀಲಿ ಅಂತಲೇ ಬರೆಸ್ತಿದ್ರೇನೋ ಅನ್ನೋ ಹಾಗಿವೆ. ಮಾರ್ಕ್ ಮೆಕೀ ಅನ್ನೋರ ಕೈ ಅಂತೆ ತುಂಬಾವು, ಕೈಚಳಕ ಮಾತ್ರ ಒಪ್ಕೋಬೇಕು. ಅವ್ರದ್ದೇ ಕೆಂಪು ದೆವ್ವ ಒಂದಿದೆ, ನಮ್ಮತ್ತೆ ಹಾಸನದಿಂದ ಬಂದಾಗ ಅದನ್ನ ಹೇಗಪ್ಪಾ ಮುಚ್ಚಿಡೋದು ಅಂತ ನಾನು ಒದ್ದಾಡ್ತಿದ್ರೆ ಅವ್ರು ನೋಡಿದ್ದೇ "ದೃಷ್ಟಿಬೊಂಬೆನ ಯಾರಾದ್ರೂ ಒಳಗೆ ಹಾಕ್ತಾರೇನೇ, ಬಾಗಿಲ ಹೊರಗೆ ಕಟ್ಟು" ಅಂದ್ರು. ನಮ್ಮೆಜಮಾನ್ರ ಮುಖ ನೋಡ್ಬೇಕಿತ್ತು.

ಸನಿವೇಲ್_ಹಳಬ:
ಅಮ್ಮನೋರ ಮಾತು ನೂರಕ್ಕೆ ನೂರು, ಹೊರಗೇ ಕಟ್ಟಿ 😀 ರಾಯರೇ, ಹುಡುಗನಿಗೆ ಹೊಸದು ಕೊಡ್ಸಿ, ಇವತ್ತಿಗೂ ಒಳ್ಳೇ ಡೆಕ್ ಐವತ್ತರಿಂದ ಎಪ್ಪತ್ತು ಡಾಲರಿಗೆ ಸಿಗತ್ತೆ, ಮೂವತ್ತು ವರ್ಷದಲ್ಲಿ ಹೆಚ್ಚು ಏರದೇ ಇರೋ ವಸ್ತು ಇದೊಂದೇ ಇರಬೇಕು. 90ರ ರುಚಿನೇ ಬೇಕು ಅಂದ್ರೆ 7.75 ಇಂಚಿನ ಸಪೂರದ್ದು ಕೇಳ್ಲಿ. ಚಕ್ರ ಮಾತ್ರ 52 ಮಿಲಿಮೀಟರೇ ಹಾಕ್ಸಿ, ನಮ್ಮ ಮೂತಿ ಒಡೆದಿದ್ದು ಸಾಕು.

ಫ್ರೀಮಾಂಟ್_ರಾಯ:
ಎಲ್ರಿಗೂ ಥ್ಯಾಂಕ್ಸ್, ಏನಾಯ್ತು ಹೇಳ್ತೀನಿ. ಟೇಪು ಹಿಡ್ಕೊಂಡೇ ಹೋದೆ, ಅಗಲ 7.6 ಇಂಚು. ಅವ್ರು ಪ್ಲಾಸ್ಟಿಕ್ ಒಂದು ಕಡೆ ಕುಯ್ಯೋಕೆ ಬಿಟ್ರು, ಬಣ್ಣದ ಮೆಟ್ಟಿಲು ಬೆರಳಿಗೆ ಸಿಕ್ತು, ಬಾಲದ ಹತ್ರ ಅಂಚಲ್ಲಿ ಒಂದೂವರೆ ಇಂಚು ಪದರ ಬಿಟ್ಟಿತ್ತು. ಅದನ್ನ ತೋರಿಸಿ 110ಕ್ಕೆ ಮುಗಿಸ್ದೆ. ಚಿತ್ರ ಪರವಾಗಿಲ್ಲ, ಮನೆಯವಳು ನೋಡಿ ಏನೂ ಅನ್ಲಿಲ್ಲ. ಮಗನಿಗೆ ಹೊಸದು ಬಂತು, ಎರಡನೇ ದಿನಕ್ಕೇ ಅದರ ಅಡಿ ಚಿತ್ರ ಅರ್ಧ ಕಿತ್ಕೊಂಡು ಬಂದಿದಾನೆ. ಬರೋವಾಗ ಮಾರಿದೋರನ್ನ ಕೇಳ್ದೆ, ಇಷ್ಟು ವರ್ಷ ಒಂದು ಸಲನೂ ಓಡಿಸ್ಬೇಕು ಅನ್ನಿಸ್ಲಿಲ್ವಾ ಅಂತ. ಆಗ ಒಂದೇ ಥರದ್ದು ಎರಡು ತಗೊಂಡಿದ್ರಂತೆ. ಒಂದು ಮೂರೇ ವಾರಕ್ಕೆ ಮುರೀತಂತೆ, ಜೊತೆಗೆ ಇವ್ರ ಕಾಲಿನ ಮೂಳೆನೂ.