ಪ್ರಶ್ನೋತ್ತರ: ಹೊಲಿಗೆ ಬಲ್ಲವರು ಡಿಸೈನ್ ಸಾಫ್ಟ್‌ವೇರ್ ಕಲಿಯುವುದು ಎಲ್ಲಿಂದ?

ಪ್ರಶ್ನೆ (ಸಾಗರ): ಎಲ್ಲರಿಗೂ ನಮಸ್ಕಾರ. ನನಗೆ ಬ್ಲೌಸ್, ಕುರ್ತಾ ಹೊಲಿಗೆ, ಪೇಪರ್ ಕಟಿಂಗ್ ಚೆನ್ನಾಗಿ ಬರುತ್ತೆ. ಈಗ ಕಂಪ್ಯೂಟರಿನಲ್ಲಿ ಡಿಸೈನ್ ಮಾಡೋದು ಕಲೀಬೇಕು. ಒಬ್ಬರು ಗೆರೆಚಿತ್ರ ಬಿಡಿಸೋ ಇಲಸ್ಟ್ರೇಟರ್ ಅಂತಾರೆ, ಇನ್ನೊಬ್ಬರು ಬಟ್ಟೆ ಮೈಮೇಲೆ ಹೇಗೆ ಕೂರುತ್ತೆ ಅಂತ ಪರದೆಯಲ್ಲೇ ತೋರಿಸೋ ಕ್ಲೋ ತ್ರೀಡಿ ನೇರವಾಗಿ ಕಲಿ ಅಂತಾರೆ. ಇರೋದು 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರವನ್ನ ಬಟ್ಟೆ ಮೇಲೆ ಪ್ರಿಂಟ್ ಮಾಡಿಸೋ ಆಸೆ ಇದೆ. ಮುಂದೆ ಮಾಚೇನಹಳ್ಳಿ ಕಡೆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕರೂ ಆಯ್ತು. ಯಾವುದರಿಂದ ಶುರು ಮಾಡಲಿ?

ಉತ್ತರ (ಪ್ಯಾಟರ್ನ್ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಕಟಿಂಗ್ ನಕ್ಷೆ ಮಾಡುವುದರ ತರಬೇತುದಾರರು, ಶಿವಮೊಗ್ಗ): ಕಟಿಂಗ್ ಬರುತ್ತದೆ ಎಂದಿರಲ್ಲ, ದೊಡ್ಡ ಭಾಗ ಆಗಲೇ ಕಲಿತಿದ್ದೀರಿ. ಡಾರ್ಟ್ (ಬಟ್ಟೆಯನ್ನು ಮೈಗೆ ಕೂರಿಸುವ ಮಡಿಕೆ ಹೊಲಿಗೆ) ಎಲ್ಲಿ ಮುಗಿಯಬೇಕು, ಕಂಕುಳ ಸುತ್ತು ಎಷ್ಟು ಇಳಿಯಬೇಕು ಎಂಬುದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿಗೆ ಮೂರು ಉಚಿತ ಸಾಫ್ಟ್‌ವೇರ್ ಸಾಕು: ಉಡುಪಿನ ಗೆರೆಚಿತ್ರಕ್ಕೆ ಇಂಕ್‌ಸ್ಕೇಪ್, ಕೈಯಲ್ಲಿ ಬಿಡಿಸಿದಂಥ ಪ್ರಿಂಟ್‌ಗೆ ಕ್ರಿಟಾ, ಪ್ಯಾಟರ್ನಿಗೆ ಸೀಮ್ಲಿ ಟುಡಿ. ಇಂಕ್‌ಸ್ಕೇಪ್‌ನಲ್ಲಿ ಕೈ ಕುದುರಿದರೆ ಇಲಸ್ಟ್ರೇಟರ್ ಹಿಡಿಯುವುದು ಕಷ್ಟವಲ್ಲ. ಗೆರೆ ಎಳೆಯುವ ಪೆನ್ ಟೂಲ್, ಗೆರೆಯ ಬಿಂದುಗಳಾದ ನೋಡ್, ಒಂದರ ಮೇಲೊಂದು ಇಡುವ ಪದರಗಳಾದ ಲೇಯರ್ ಎಲ್ಲವೂ ಅದೇ ತತ್ತ್ವ. ಕ್ಲೋಗೆ ಕನಿಷ್ಠ 16 ಜಿಬಿ ರ‍್ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾತ್ರ ನೆಮ್ಮದಿ. ಪ್ಯಾಟರ್ನ್ ತಪ್ಪಿದ್ದರೆ ತ್ರೀಡಿಯಲ್ಲಿ ಬಟ್ಟೆ ಬೀಳುವ ರೀತಿಯೂ ತಪ್ಪೇ. ಕ್ಲೋವನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ಅಭ್ಯಾಸಕ್ಕೆ ಕುರ್ತಾದ ಗೆರೆಚಿತ್ರ ತೆಗೆದುಕೊಳ್ಳಿ. ನಡುವೆ ಒಂದು ನೇರ ಗೈಡ್ ಎಳೆದು ಅರ್ಧ ಭಾಗವನ್ನಷ್ಟೇ ಬಿಡಿಸಿ, ನಕಲು ಮಾಡಿ ಮಗುಚಿ, ನಡುವಿನ ನೋಡ್‌ಗಳನ್ನು ಜೋಡಿಸಿ. ಎರಡೂ ಭುಜ ಬೇರೆಬೇರೆ ಬಿಡಿಸಿದರೆ ಎಷ್ಟು ನಿಗಾ ಇಟ್ಟರೂ ಸಮ ಬರುವುದಿಲ್ಲ. ಹೊರಗೆರೆಯ ದಪ್ಪ 1.5 ಪಾಯಿಂಟ್, ಜೋಡಣೆಯ ಗೆರೆ 0.75, ಹೊಲಿಗೆಯ ತುಂಡುಗೆರೆ 0.5 ಇಟ್ಟರೆ ಕಟಿಂಗ್ ಮಾಸ್ಟರ್‌ಗೆ ನೋಡಿದ ಕೂಡಲೇ ಅರ್ಥವಾಗುತ್ತದೆ.

ಸೀಮ್ಲಿಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಉದ್ದ ಕೇಳಿದಾಗ 24 ಎಂದು ಅಂಕಿ ಹೊಡೆಯಬೇಡಿ. ಎದೆ ಸುತ್ತಳತೆಯನ್ನು 4ರಿಂದ ಭಾಗಿಸಿ ಸಡಿಲಿಕೆ ಕೂಡಿಸುವ ಸೂತ್ರವನ್ನೇ ಬರೆಯಿರಿ. ಹಾಗಿದ್ದರೆ ಅಳತೆಯ ಫೈಲ್ ಬದಲಿಸಿದಾಗ ಇಡೀ ಪ್ಯಾಟರ್ನ್ ತಾನಾಗಿ ಬದಲಾಗುತ್ತದೆ. ನಡುವೆ ಒಂದೆರಡು ಕಡೆ ಬರೀ ಅಂಕಿ ಉಳಿದರೆ ಎದೆ ಹಿಗ್ಗಿ ಭುಜ ಹಾಗೇ ನಿಲ್ಲುತ್ತದೆ, ಕಂಕುಳ ವಕ್ರ ಮುರಿಯುತ್ತದೆ. ತೋಳಿನ ಮೇಲ್ತುದಿಯ ವಕ್ರದ ಉದ್ದವನ್ನು ಕಂಕುಳ ಸುತ್ತಿನ ಜೊತೆ ಪ್ರತಿ ಸಲವೂ ಹೋಲಿಸಿ. ಹತ್ತಿ ಬ್ಲೌಸಿಗೆ ತೋಳು 1ರಿಂದ 2 ಸೆಂ.ಮೀ. ಹೆಚ್ಚಿದ್ದರೆ ಚೆಂದ ಕೂರುತ್ತದೆ. ಕಡಿಮೆಯಾದರೆ ಎಳೆತ, ಜಾಸ್ತಿಯಾದರೆ ನೆರಿಗೆ.

ಫ್ಯಾಕ್ಟರಿಗಳಲ್ಲಿ ಪ್ಯಾಟರ್ನ್ ಸಾಫ್ಟ್‌ವೇರ್‌ಗಳಾದ ಗರ್ಬರ್, ಲೆಕ್ಟ್ರಾ, ಟುಕಾಟೆಕ್‌ನಂಥವು ಇರುತ್ತವೆ. ಅಲ್ಲಿ ಗ್ರೇಡಿಂಗ್ (ಒಂದೇ ಪ್ಯಾಟರ್ನನ್ನು ಬೇರೆ ಬೇರೆ ಅಳತೆಗೆ ತೆಗೆಯುವುದು), ಮಾರ್ಕರ್ (ಬಟ್ಟೆ ಪೋಲಾಗದಂತೆ ತುಂಡುಗಳನ್ನು ಜೋಡಿಸುವ ನಕ್ಷೆ) ಹಾಕುವ ಕೆಲಸಕ್ಕೆ ಬೆಲೆ ಜಾಸ್ತಿ. ಒಂದು ಅಳತೆಯಿಂದ ಉಳಿದ ಅಳತೆಗಳನ್ನು ಕೈಯಲ್ಲೇ ತೆಗೆಯುವುದನ್ನು ಈಗಿನಿಂದ ರೂಢಿಸಿಕೊಳ್ಳಿ.

ಪ್ರಶ್ನೆ (ತೀರ್ಥಹಳ್ಳಿ): ಮೇಡಂ, ಸೀಮ್ಲಿಯಲ್ಲಿ 36ರ ಬ್ಲೌಸ್ ಮಾಡಿ ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು ಅಂಟಿಸಿದೆ. ಹೊಲಿದ ಮೇಲೆ ಒಂದೂವರೆ ಇಂಚಿನಷ್ಟು ಬಿಗಿ. ಸೂತ್ರ ಎಲ್ಲ ಸರಿ ಇದೆ.

ಉತ್ತರ (ಅದೇ ತರಬೇತುದಾರರು): ತಪ್ಪು ಪ್ರಿಂಟಿನಲ್ಲಿದೆ. ‘ಫಿಟ್ ಟು ಪೇಜ್’ ಎಂದಿದ್ದರೆ ಪ್ರಿಂಟರ್ ತನ್ನ ಅಂಚು ಬಿಟ್ಟು ಚಿತ್ರವನ್ನು ಕುಗ್ಗಿಸುತ್ತದೆ. 96 ಪ್ರತಿಶತಕ್ಕೆ ಇಳಿದರೂ 36 ಇಂಚು 34.56 ಆಗುತ್ತದೆ. ನೀವು ಹೇಳುವ ಒಂದೂವರೆ ಇಂಚು ಇದೇ. ‘ಆಕ್ಚುಯಲ್ ಸೈಜ್’ ಅಥವಾ 100 ಎಂದು ಕೊಡಿ. ಪ್ಯಾಟರ್ನಿನ ಪಕ್ಕ 10 ಸೆಂ.ಮೀ. ಚೌಕವೊಂದನ್ನು ಸದಾ ಬಿಡಿಸಿಡಿ. ಮೊದಲ ಹಾಳೆ ಬಂದ ಕೂಡಲೇ ಉಕ್ಕಿನ ಸ್ಕೇಲಿನಿಂದ ಅಳೆಯಿರಿ. ಟೇಪು ಹಳೆಯದಾದಂತೆ ಹಿಗ್ಗಿರುತ್ತದೆ, ಅದನ್ನು ನಂಬಬೇಡಿ. ಚೌಕ ಸರಿ ಬರುವ ತನಕ ಉಳಿದ ಹಾಳೆ ಪ್ರಿಂಟ್ ಮಾಡಲೇಬೇಡಿ.

ಇನ್ನೊಂದು: ಇಲಸ್ಟ್ರೇಟರಿನ ಎಸ್‌ವಿಜಿ (ಗೆರೆಚಿತ್ರದ ಒಂದು ಬಗೆಯ) ಫೈಲನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದಾಗ ಆ ಚೌಕ 7.5 ಸೆಂ.ಮೀ. ತೋರಿಸಬಹುದು. ಒಂದು ಕಡೆ ಇಂಚಿಗೆ 72, ಇನ್ನೊಂದು ಕಡೆ 96 ಪಿಕ್ಸೆಲ್ ಎಂಬ ಲೆಕ್ಕವೇ ಕಾರಣ. ಪಿಡಿಎಫ್‌ನಲ್ಲಿ ಕಳಿಸಿದರೆ ಈ ತೊಂದರೆ ಇಲ್ಲ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಕಾಗದವೂ ಹಿಗ್ಗುತ್ತದೆ, ಅದಕ್ಕೇ ಹಳೆಯ ಪ್ಯಾಟರ್ನ್ ತೆಗೆದಾಗಲೂ ಚೌಕವನ್ನು ಮತ್ತೆ ಅಳೆಯಿರಿ.

ಪ್ರಶ್ನೆ (ಸಾಗರ): ಹಸೆ ಚಿತ್ತಾರದ ರಿಪೀಟ್ (ಪಕ್ಕಪಕ್ಕ ಜೋಡಿಸುತ್ತ ಹೋಗೋ ಒಂದು ತುಂಡು) ಮಾಡಿ ನೋಡಿದೆ. 16 ಸೆಂ.ಮೀ. ಚೌಕ. ಜೋಡಿಸಿದ ಕಡೆಯೆಲ್ಲ ಕೂದಲೆಳೆಯಂಥ ಬಿಳಿ ಗೆರೆ ಕಾಣುತ್ತೆ.

ಉತ್ತರ (ಬಟ್ಟೆ ಪ್ರಿಂಟ್ ವಿನ್ಯಾಸಕರು): 16 ಸೆಂ.ಮೀ. ಅನ್ನು 300 ಡಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ರಫ್ತು ಮಾಡಿದರೆ 1889.76 ಪಿಕ್ಸೆಲ್. ಮುಕ್ಕಾಲು ಪಿಕ್ಸೆಲ್ ಎಂಬುದು ಇಲ್ಲವಲ್ಲ, ಅಂಚಿನ ಸಾಲು ಅರೆಪಾರದರ್ಶಕವಾಗಿ ಉಳಿದು ಗೆರೆಯಾಗಿ ಕಾಣುತ್ತದೆ. ಚೌಕವನ್ನು 6 ಇಂಚಿಗೆ ಬದಲಿಸಿ: ಸರಿಯಾಗಿ 1800 ಪಿಕ್ಸೆಲ್. ಕೆಮ್ಮಣ್ಣಿನ ಬಣ್ಣದ ಹಿನ್ನೆಲೆಯನ್ನು ಚೌಕಕ್ಕಿಂತ ಸ್ವಲ್ಪ ಹೊರಗೆ ಚಾಚಿ, ರಫ್ತನ್ನು ಚೌಕದಷ್ಟಕ್ಕೇ ಮಾಡಿ. ಎಡ ಅಂಚು ದಾಟಿದ ಚಿತ್ತಾರದ ನಕಲನ್ನು ಕಣ್ಣಂದಾಜಿನಲ್ಲಿ ಎಳೆಯದೆ, ಟ್ರಾನ್ಸ್‌ಫಾರ್ಮ್‌ನಲ್ಲಿ 6 ಇಂಚು ಎಂದು ಬರೆದೇ ಬಲಕ್ಕೆ ಸರಿಸಿ.

ಚಿತ್ತಾರದ ಬಿಳಿ ಗೆರೆ ಗೋಡೆಯ ಮೇಲೆ ಅಕ್ಕಿ ಹಿಟ್ಟಿನದು, ಮೇಲಿಂದ ಎಳೆದದ್ದು. ಡಿಜಿಟಲ್ ಪ್ರಿಂಟಿನಲ್ಲಿ ಬಿಳಿ ಎಂದರೆ ಬಣ್ಣ ಬೀಳದೆ ಉಳಿದ ಬಟ್ಟೆ. ಸುತ್ತಲಿನ ಕೆಂಪು ಹರಡಿದರೆ ಗೆರೆ ಮುಚ್ಚಿಹೋಗುತ್ತದೆ. ದಪ್ಪ ನೂಲಿನ ಕೈಮಗ್ಗದ ಬಟ್ಟೆಗೆ ಗೆರೆಯನ್ನು 1 ಮಿ.ಮೀ.ಗಿಂತ ತೆಳು ಮಾಡಬೇಡಿ. ಪ್ರಿಂಟಿಗೆ ಕಳಿಸುವ ಮುನ್ನ ‘ಸ್ಟ್ರೋಕ್ ಟು ಪಾತ್’ ಮಾಡಿ (ಗೆರೆಯನ್ನು ಆಕಾರವಾಗಿ ಬದಲಿಸುವುದು), ಇಲ್ಲವಾದರೆ ಪ್ರಿಂಟ್ ಮಾಡುವವರು ಗಾತ್ರ ಬದಲಿಸಿದಾಗ ಗೆರೆಯ ದಪ್ಪ ಹಾಗೇ ಉಳಿದುಬಿಡುತ್ತದೆ. ಹತ್ತಿಗೆ ರಿಯಾಕ್ಟಿವ್ ಪ್ರಿಂಟ್ (ಬಣ್ಣ ನೂಲಿಗೇ ಬೆಸೆಯುವ ವಿಧಾನ) ಕೇಳಿ. ಶಾಖದಿಂದ ಬಣ್ಣ ಹತ್ತಿಸುವ ಸಬ್ಲಿಮೇಶನ್ ಪಾಲಿಯೆಸ್ಟರಿಗೆ, ಹತ್ತಿಯಲ್ಲಿ ಅದು ನಿಲ್ಲುವುದಿಲ್ಲ. ಪರದೆಯ ಕೆಂಪನ್ನು ನಂಬದೆ ಐದಾರು ಕೆಂಪುಗಳ ಪಟ್ಟಿಯನ್ನು ಅದೇ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ ಆರಿಸಿ.

ಹಸೆ ಚಿತ್ತಾರ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಬರೆಯುವವರನ್ನು ಕೇಳಿ, ಸಲ್ಲಬೇಕಾದದ್ದನ್ನು ಕೊಟ್ಟು, ಮಾರುವಾಗ ಅವರ ಹೆಸರು ಹಾಕಿ.

ಪ್ರಶ್ನೆ (ಹೊಸನಗರ): ಟೈಲರ್‌ಗೆ ಕಳಿಸೋ ಹಾಳೆಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರ್ತಿದೆ. ಬಳಸ್ತಿರೋದು ಇಲಸ್ಟ್ರೇಟರ್.

ಉತ್ತರ (ಬಟ್ಟೆ ಪ್ರಿಂಟ್ ವಿನ್ಯಾಸಕರು): ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಅಕ್ಷರ ಜೋಡಿಸುವ ಕಂಪೋಸರ್ ಆರಿಸಿ. ಯೂನಿಕೋಡ್ ಫಾಂಟನ್ನೇ ಬಳಸಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಗೋಜಲಾಗುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ಯಾವ ಸೆಟ್ಟಿಂಗೂ ಬೇಕಿಲ್ಲ, ಒತ್ತಕ್ಷರ ಸರಿಯಾಗಿಯೇ ಬರುತ್ತದೆ. ಕರೆಂಟು ಹೋಗುವ ಊರುಗಳವರು ಇಂಕ್‌ಸ್ಕೇಪ್‌ನಲ್ಲಿ ಆಟೋಸೇವ್ ಆನ್ ಇದೆಯೇ ನೋಡಿಕೊಂಡು, 5 ನಿಮಿಷಕ್ಕೆ ಇಟ್ಟುಕೊಳ್ಳಿ.