ಪೈಥಾನ್: ನೋಡಲು ಒಂದೇ ಥರ ಇರುವ ಜಿಲ್ಲೆಯ ಹೆಸರುಗಳು ಡಿಕ್ಷನರಿಯಲ್ಲಿ ಸಿಗುತ್ತಿಲ್ಲ

ಕಡತಪಾಲಕ (ಪ್ರಶ್ನೆ)

ಎರಡು ಸಿಎಸ್‌ವಿ ಕಡತಗಳಿವೆ. ಎರಡರಲ್ಲೂ ಕರ್ನಾಟಕದ 31 ಜಿಲ್ಲೆಗಳ ಹೆಸರು ಕನ್ನಡದಲ್ಲೇ ಇದೆ. ಮೊದಲನೆಯದು ಎಕ್ಸೆಲ್‌ನಲ್ಲಿ "ಸಿಎಸ್‌ವಿ ಯುಟಿಎಫ್-8" ಎಂದು ಸೇವ್ ಮಾಡಿದ್ದು. ಎರಡನೆಯದು ಹಳೆಯ ಆನ್ಸಿ ಫಾಂಟಿನ ಪಠ್ಯ, ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿದ್ದು. ಮೊದಲನೆಯದನ್ನು ಓದಿ ಜಿಲ್ಲೆಯ ಹೆಸರನ್ನೇ ಕೀ ಮಾಡಿ ಡಿಕ್ಷನರಿ ಕಟ್ಟುತ್ತೇನೆ, ಎರಡನೆಯದರ ಹೆಸರುಗಳನ್ನು ಅದರಲ್ಲಿ ಹುಡುಕುತ್ತೇನೆ. ಪೈಥಾನ್ 3.11, ವಿಂಡೋಸ್ 11. ಎರಡನ್ನೂ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟಿದ್ದೇನೆ.

ತೊಂದರೆ ಎರಡು. ಎಕ್ಸೆಲ್ ಕಡತವನ್ನು ಡಿಕ್ಟ್‌ರೀಡರ್‌ನಲ್ಲಿ ಓದಿದರೆ ಮೊದಲ ಕಾಲಂ "ಜಿಲ್ಲೆ" ಎಂಬ ಹೆಸರಿಗೆ ಕೀಎರರ್ ಬರುತ್ತದೆ, ಉಳಿದ ಕಾಲಂಗಳು ಸರಿಯಾಗಿ ಸಿಗುತ್ತವೆ. ಸದ್ಯಕ್ಕೆ ಕಾಲಂ ಸಂಖ್ಯೆ ಬಳಸಿ ಮುಂದೆ ಹೋಗಿದ್ದೇನೆ.

ಎರಡನೆಯದು ದೊಡ್ಡದು: 20 ಜಿಲ್ಲೆ ಹೊಂದುತ್ತವೆ, 11 ಹೊಂದುವುದಿಲ್ಲ. ಹೊಂದದವು: ಬಾಗಲಕೋಟೆ, ಬೀದರ್, ಹಾವೇರಿ, ಕೊಡಗು, ಕೊಪ್ಪಳ, ಕೋಲಾರ, ಮೈಸೂರು, ಶಿವಮೊಗ್ಗ, ಮಂಡ್ಯ, ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ. ಎರಡೂ ಕಡೆ ಸ್ಟ್ರಿಪ್ ಹಾಕಿದ್ದೇನೆ. ಪ್ರಿಂಟ್ ಮಾಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಒತ್ತಕ್ಷರ

ಮೊದಲು ಕೀಎರರ್. ಎಕ್ಸೆಲ್ ಈ ಬಗೆಯ ಕಡತದ ತಲೆಯಲ್ಲಿ ಬಾಮ್ ಎಂಬ ಕಾಣದ ಗುರುತು ಬರೆಯುತ್ತದೆ, ಅದರ ಕೋಡ್‌ಪಾಯಿಂಟ್ (ಯುನಿಕೋಡ್ ಪ್ರತಿ ಗುರುತಿಗೆ ಕೊಟ್ಟ ಸಂಖ್ಯೆ) 65279. ಅದು ಮೊದಲ ಶೀರ್ಷಿಕೆಗೆ ಅಂಟಿಕೊಂಡಿರುವುದರಿಂದ ನಿಮ್ಮ ಕೀ "ಜಿಲ್ಲೆ" ಅಲ್ಲ, "ಬಾಮ್ + ಜಿಲ್ಲೆ". ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಏಕೆಂದರೆ ಅದು ಖಾಲಿ ಜಾಗದ ಗುಂಪಿಗೆ ಸೇರಿಲ್ಲ. ಓದುವಾಗ ಎನ್‌ಕೋಡಿಂಗ್ "ಯುಟಿಎಫ್-8-ಸಿಗ್" ಎಂದು ಕೊಡಿ. ಬಾಮ್ ಇದ್ದರೆ ನುಂಗಿಕೊಳ್ಳುತ್ತದೆ, ಇಲ್ಲದಿದ್ದರೂ ತೊಂದರೆಯಿಲ್ಲ. ಎಕ್ಸೆಲ್‌ಗಾಗಿ ಬರೆಯುವಾಗಲೂ ಅದನ್ನೇ ಕೊಡಿ, ಜೊತೆಗೆ ನ್ಯೂಲೈನ್ ಆರ್ಗ್ಯುಮೆಂಟಿಗೆ ಖಾಲಿ ಸ್ಟ್ರಿಂಗ್. ಅದನ್ನು ಬಿಟ್ಟರೆ ವಿಂಡೋಸಿನಲ್ಲಿ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬೀಳುತ್ತದೆ.

ನಿಮ್ಮ ಪಟ್ಟಿ ಓದಿದರೆ ದಾರಿ ತಾನಾಗಿ ಕಾಣುತ್ತದೆ. ಮೊದಲ ಎಂಟು ಹೆಸರುಗಳಲ್ಲಿ ೀ, ೇ, ೈ, ೊ, ೋ ಇವುಗಳಲ್ಲಿ ಒಂದಾದರೂ ಇದೆ. ಹೊಂದಿದ ಹಾಸನ, ತುಮಕೂರು, ಉಡುಪಿ, ದಾವಣಗೆರೆಗಳಲ್ಲಿ ಇವು ಯಾವುವೂ ಇಲ್ಲ. ಕನ್ನಡ ಯುನಿಕೋಡ್‌ನಲ್ಲಿ ಈ ಐದು ಸ್ವರಚಿಹ್ನೆಗಳನ್ನು ಮಾತ್ರ ಎರಡು ರೀತಿಯಲ್ಲಿ ಬರೆಯಬಹುದು: ಇಡಿಯಾಗಿ ಒಂದು ಕೋಡ್‌ಪಾಯಿಂಟ್, ಇಲ್ಲವೇ ತುಂಡುಗಳಾಗಿ. ೊ ಎಂದರೆ 3274, ಅಥವಾ 3270 ಮತ್ತು 3266 ಒಂದರ ಹಿಂದೆ ಒಂದು. ೋ ಎಂದರೆ 3275, ಅಥವಾ ಆ ಎರಡರ ಜೊತೆ ದೀರ್ಘದ ಗುರುತು 3285, ಒಟ್ಟು ಮೂರು. ಫಾಂಟ್ ಎರಡನ್ನೂ ಒಂದೇ ಆಕಾರವಾಗಿ ಬಿಡಿಸುತ್ತದೆ, ಪೈಥಾನ್ ಮಾತ್ರ ಕೋಡ್‌ಪಾಯಿಂಟುಗಳನ್ನೇ ಹೋಲಿಸುತ್ತದೆ.

ಖಚಿತ ಮಾಡಿಕೊಳ್ಳಲು "ಕೋಲಾರ"ಕ್ಕೆ ಎರಡೂ ಕಡೆ ಲೆನ್ (ಉದ್ದ ಎಣಿಸುವ ಫಂಕ್ಷನ್) ಹಾಕಿ. ಇಡಿಯಾಗಿದ್ದರೆ 5, ಪೂರ್ತಿ ಬಿಡಿಸಿದ್ದರೆ 7. ಪರಿವರ್ತಕ ಹಳೆಯ ಫಾಂಟಿನ ತುಂಡುಗಳನ್ನು ಹಾಗೆಯೇ ಸಾಲಾಗಿ ಬರೆದಿರಬೇಕು. ಪರಿಹಾರ: ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಫಂಕ್ಷನ್, ಮೊದಲ ಆರ್ಗ್ಯುಮೆಂಟ್ "ಎನ್‌ಎಫ್‌ಸಿ" (ತುಂಡುಗಳನ್ನು ಇಡಿಯಾಗಿ ಕೂಡಿಸುವ ರೂಪ), ಎರಡನೆಯದು ನಿಮ್ಮ ಸ್ಟ್ರಿಂಗ್. ಡಿಕ್ಷನರಿ ಕಟ್ಟುವಾಗಲೂ ಹುಡುಕುವಾಗಲೂ ಹಾಕಬೇಕು, ಒಂದೇ ಕಡೆ ಹಾಕಿದರೆ ಸಾಲದು.

ಇನ್ನೊಂದು ಮಾತು, ಎನ್‌ಕೋಡಿಂಗ್ ಕೊಟ್ಟಿದ್ದು ಒಳ್ಳೆಯದಾಯಿತು. ಕೊಡದಿದ್ದರೆ ವಿಂಡೋಸಿನಲ್ಲಿ 3.11 ಸಾಮಾನ್ಯವಾಗಿ ಸಿಪಿ1252 ಎಂಬ ವಿಂಡೋಸಿನ ಹಳೆಯ ಎನ್‌ಕೋಡಿಂಗಿನಲ್ಲಿ ಓದಲು ಹೋಗುತ್ತದೆ. ನಮ್ಮ ಅರ್ಧಾಕ್ಷರದ ಚಿಹ್ನೆ (್) ಯುಟಿಎಫ್-8ರಲ್ಲಿ ಮೂರು ಬೈಟ್, ಕೊನೆಯ ಬೈಟಿನ ಬೆಲೆ 141. ಸಿಪಿ1252ರಲ್ಲಿ 141ಕ್ಕೆ ಅಕ್ಷರವೇ ಇಲ್ಲ. ಒಂದು ಒತ್ತಕ್ಷರ ಬಂದರೂ ಸಾಕು, "ಚಾರ್‌ಮ್ಯಾಪ್ ಬೈಟನ್ನು ಡಿಕೋಡ್ ಮಾಡಲಾರದು" ಎಂಬ ಎರರ್ ಬರುತ್ತದೆ.

ಕಡತಪಾಲಕ

ಕೀಎರರ್ ಹೋಯಿತು. ಕೋಲಾರ ನೀವು ಹೇಳಿದಂತೆಯೇ 5 ಮತ್ತು 7. ಎನ್‌ಎಫ್‌ಸಿ ಎರಡೂ ಕಡೆ ಹಾಕಿದ ಮೇಲೆ ಏಳು ಹೆಸರು ಹೊಂದಿದವು. ಇನ್ನೂ ನಾಲ್ಕು ಉಳಿದಿವೆ: ಬೀದರ್, ಮಂಡ್ಯ, ಎರಡು ಬೆಂಗಳೂರು. ಬೀದರ್ ಒಂದು ಕಡೆ 5, ಇನ್ನೊಂದು ಕಡೆ 6. ಮಂಡ್ಯ ಮಾತ್ರ ಎರಡೂ ಕಡೆ 5! ಉದ್ದವೂ ಒಂದೇ, ರೂಪವೂ ಒಂದೇ, ಆದರೂ ಸಮ ಅಲ್ಲ ಎನ್ನುತ್ತದೆ.

ಇಣುಕುನೋಟ

ಉದ್ದ ಒಂದೇ ಆಗಿದ್ದೂ ಸಮ ಅಲ್ಲ ಎಂದರೆ ಒಂದು ಅಕ್ಷರದ ಜಾಗದಲ್ಲಿ ಅದರಂತೆ ಕಾಣುವ ಇನ್ನೊಂದು ಕೂತಿದೆ. ಬೀದರ್ ಬಿಟ್ಟು ಉಳಿದ ಮೂರರಲ್ಲೂ ಅನುಸ್ವಾರ ಇರುವುದನ್ನು ಗಮನಿಸಿ. ಪ್ರತಿ ಅಕ್ಷರಕ್ಕೂ ಆರ್ಡ್ ಫಂಕ್ಷನ್ ಹಾಕಿ ಸಂಖ್ಯೆಗಳನ್ನು ಪ್ರಿಂಟ್ ಮಾಡಿ. ಒಂದು ಕಡೆ ಎರಡನೆಯ ಸಂಖ್ಯೆ 3202, ಇನ್ನೊಂದು ಕಡೆ 3302 ಬರುತ್ತದೆ. 3202 ಅನುಸ್ವಾರ. 3302 ಕನ್ನಡದ ಅಂಕಿ ಸೊನ್ನೆ. "ಮಂಡ್ಯ" ಬೇರೆ, "ಮ೦ಡ್ಯ" ಬೇರೆ, ಹಲವು ಫಾಂಟುಗಳಲ್ಲಿ ಎರಡಕ್ಕೂ ಒಂದೇ ಉಂಗುರ. ಇದನ್ನು ಎನ್‌ಎಫ್‌ಸಿ ಸರಿಪಡಿಸದು, ಎನ್‌ಎಫ್‌ಕೆಸಿಯೂ ಸರಿಪಡಿಸದು. ಯುನಿಕೋಡಿನ ಲೆಕ್ಕದಲ್ಲಿ ಒಂದು ಚಿಹ್ನೆ, ಇನ್ನೊಂದು ಅಂಕಿ, ಎರಡಕ್ಕೂ ಸಂಬಂಧವಿಲ್ಲ.

ಸೊನ್ನೆಗಳನ್ನೆಲ್ಲ ಕುರುಡಾಗಿ ಬದಲಿಸಬೇಡಿ, "೧೦" ಹಾಳಾಗುತ್ತದೆ. ರೆಗೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಎರಡು ಷರತ್ತು ಇಡಿ: ಸೊನ್ನೆಯ ಹಿಂದಿನ ಅಕ್ಷರ 3205ರಿಂದ 3277ರ ಒಳಗಿರಬೇಕು (ಅ ಇಂದ ್ ವರೆಗೆ), ಅದರ ಮುಂದೆ ಅಂಕಿ ಇರಬಾರದು. ಹಿಂದಕ್ಕೆ ಲುಕ್‌ಬಿಹೈಂಡ್, ಮುಂದಕ್ಕೆ ನೆಗೆಟಿವ್ ಲುಕ್‌ಅಹೆಡ್. ಸ್ಟ್ರಿಂಗ್ ಪ್ಯಾಟರ್ನಿನಲ್ಲಿ ಬ್ಯಾಕ್‌ಸ್ಲ್ಯಾಶ್-ಡಿ ಕನ್ನಡ ಅಂಕಿಗಳನ್ನೂ ಹಿಡಿಯುತ್ತದೆ, ಬೇರೆ ಏನೂ ಸೇರಿಸಬೇಕಿಲ್ಲ. ಹೀಗಿದ್ದರೂ ಇದನ್ನು ಹೆಸರಿನ ಕಾಲಂಗೆ ಮಾತ್ರ ಹಾಕಿ. "ಬ್ಲಾಕ್೦" ಎಂದು ಜಾಗ ಬಿಡದೆ ಬರೆದ ವಿಳಾಸ ಇದ್ದರೆ ಅದೂ ಬದಲಾಗಿಬಿಡುತ್ತದೆ.

ಬೀದರ್‌ನ ಆರನೆಯದು ಬಹುತೇಕ 8204, ಅಂದರೆ ಅರ್ಧಾಕ್ಷರವನ್ನು ಮುಂದಿನ ವ್ಯಂಜನದೊಂದಿಗೆ ಕೂಡದಂತೆ ತಡೆಯುವ ಕಾಣದ ಗುರುತು, ಜೆಡ್‌ಡಬ್ಲ್ಯುಎನ್‌ಜೆ. ಪದ ್ ನಲ್ಲಿ ಮುಗಿದಾಗ ಇದು ಬಾಲದಂತೆ ಉಳಿದುಕೊಳ್ಳುವುದು ಸಾಮಾನ್ಯ. ಇದಕ್ಕೂ ಸ್ಟ್ರಿಪ್ ನಡೆಯದು. ಮೇಕ್‌ಟ್ರಾನ್ಸ್‌ಗೆ 8203, 8204, 8205, 65279 ಈ ನಾಲ್ಕನ್ನೂ ನನ್ ಎಂದು ಕೊಟ್ಟು ಟ್ರಾನ್ಸ್‌ಲೇಟ್ ಮಾಡಿದರೆ ಅಳಿಯುತ್ತವೆ.

ಎಲ್ಲವನ್ನೂ ಒಂದೇ ಫಂಕ್ಷನ್ನಿಗೆ ಹಾಕಿ, ಕ್ರಮ ಮುಖ್ಯ. ಮೊದಲು ಕಾಣದ ಗುರುತುಗಳನ್ನು ಅಳಿಸಿ, ಆಮೇಲೆ ಎನ್‌ಎಫ್‌ಸಿ. ತಿರುಗಾಮುರುಗಾ ಮಾಡಿದರೆ, ೆ ಮತ್ತು ೂ ನಡುವೆ ಒಂದು ಕಾಣದ ಗುರುತು ಸಿಕ್ಕಿಕೊಂಡಿದ್ದಲ್ಲಿ ಅವೆರಡು ಕೂಡುವುದಿಲ್ಲ. ಮೂರನೆಯದು ಸೊನ್ನೆ ತಿದ್ದುವುದು. ಕೊನೆಗೆ ಸ್ಪ್ಲಿಟ್ ಮಾಡಿ ಒಂದೇ ಸ್ಪೇಸ್ ಇಟ್ಟು ಜಾಯಿನ್. "ಬೆಂಗಳೂರು  ನಗರ" ಎಂದು ನಡುವೆ ಎರಡು ಸ್ಪೇಸ್ ಇದ್ದರೆ ಸ್ಟ್ರಿಪ್‌ಗೆ ಸಿಗುವುದಿಲ್ಲ, ಇದಕ್ಕೆ ಸಿಗುತ್ತದೆ.

ಒತ್ತಕ್ಷರ

ಮೇಲಿನ ಫಂಕ್ಷನ್ ಸರಿ, ಆದರೆ ಅದರಿಂದ ಬಂದದ್ದನ್ನು ಹೋಲಿಕೆಯ ಕೀ ಆಗಿ ಮಾತ್ರ ಬಳಸಿ. ಮೂಲ ಹೆಸರನ್ನು ಬೇರೆ ಕಾಲಂನಲ್ಲಿ ಹಾಗೆಯೇ ಉಳಿಸಿ, ಮುದ್ರಣಕ್ಕೆ ಅದೇ ಹೋಗಲಿ. 8204 ಅಳಿಸಿದರೆ "ರಾಜ್‌ಕುಮಾರ್" ಎಂಬುದು "ರಾಜ್ಕುಮಾರ್" ಆಗಿ ಕ ಒತ್ತು ಕೆಳಗಿಳಿಯುತ್ತದೆ. 8205 (ಅಕ್ಷರಗಳನ್ನು ಕೂಡಿಸುವ ಕಾಣದ ಗುರುತು) ಅಳಿಸಿದರೆ "ರ‍್ಯಾಂಕ್" ಎಂಬುದು "ರ್ಯಾಂಕ್" ಆಗಿ ಅರ್ಕಾವೊತ್ತು ಬಂದುಬಿಡುತ್ತದೆ. ಕನ್ನಡ ಓದುವವರ ಕಣ್ಣಿಗೆ ಇವು ತಪ್ಪೇ. ಜನರ ಹೆಸರುಗಳ ಪಟ್ಟಿಯಾದರೆ ಇನ್ನೂ ಎಚ್ಚರ ಬೇಕು.

ಪದ ಹಿಡಿಯಲು ರೀ ಮಾಡ್ಯೂಲಿನ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯು ನಂಬಬೇಡಿ. ಅದು ಸ್ವರಚಿಹ್ನೆಯನ್ನೂ ್ ಅನ್ನೂ ಅಕ್ಷರ ಎಂದು ಎಣಿಸುವುದಿಲ್ಲ, "ಕನ್ನಡ"ವನ್ನು "ಕನ" ಮತ್ತು "ನಡ" ಎಂದು ಎರಡು ತುಂಡು ಮಾಡುತ್ತದೆ. 3202ರಿಂದ 3277ರ ವ್ಯಾಪ್ತಿಯನ್ನು ಚೌಕ ಆವರಣದಲ್ಲಿ ನೀವೇ ಕೊಡಿ, ಕಾಣದ ಗುರುತು ಅಳಿಸದ ಪಠ್ಯವಾದರೆ 8204, 8205 ಸೇರಿಸಿ.

ಕಡತಪಾಲಕ

31ಕ್ಕೆ 31 ಹೊಂದಿದವು. ಮಂಡ್ಯದಲ್ಲಿ 3302 ಇತ್ತು, ಬೀದರ್‌ನಲ್ಲಿ 8204. ತುಂಬ ಧನ್ಯವಾದ. ಇದೇ ಫಂಕ್ಷನ್ ಹಿಡಿದು ತಾಲ್ಲೂಕುಗಳನ್ನು ಸಾರ್ಟ್ ಮಾಡಿದರೆ ಹೊಳಲ್ಕೆರೆ ಹೊಸದುರ್ಗಕ್ಕಿಂತ ಮೊದಲು ಬರುತ್ತಿದೆ. ವರ್ಣಮಾಲೆಯಲ್ಲಿ ಳ ಕೊನೆಗಲ್ಲವೇ?

ಇಣುಕುನೋಟ

ಹೌದು. ಯುನಿಕೋಡಿನಲ್ಲಿ ಲ 3250, ಳ 3251, ಹ 3257. ಸಾರ್ಟೆಡ್ ಈ ಸಂಖ್ಯೆಗಳನ್ನೇ ನೋಡುತ್ತದೆ. 3258ರಲ್ಲಿ ಯಾವ ಅಕ್ಷರವೂ ಇಲ್ಲ, ಹಾಗಾಗಿ ಸಾರ್ಟೆಡ್‌ನ ಕೀ ಫಂಕ್ಷನ್ನಿನಲ್ಲಿ ಮಾತ್ರ 3251ನ್ನು 3258ಕ್ಕೆ ಟ್ರಾನ್ಸ್‌ಲೇಟ್ ಮಾಡಿ. ಸ್ವರಚಿಹ್ನೆಗಳು 3262ರಿಂದ ಶುರುವಾಗುವುದರಿಂದ ಳ ಅವುಗಳನ್ನು ದಾಟಿ ಹೋಗುವುದಿಲ್ಲ, ಹ ಆದಮೇಲೆ ಸರಿಯಾದ ಜಾಗದಲ್ಲಿ ಕೂರುತ್ತದೆ. ಆ ಸ್ಟ್ರಿಂಗನ್ನು ಕಡತಕ್ಕೆ ಬರೆಯಬೇಡಿ, ತೆರೆದಾಗ ಳ ಇದ್ದಲ್ಲೆಲ್ಲ ಖಾಲಿ ಚೌಕ ಕಾಣುತ್ತದೆ.