ಅಮ್ಮನ ಹಲ್ಲಿಗೆ ರೂಟ್ ಕೆನಾಲ್: ಲೇಸರ್‌ನಿಂದಲೇ ಶುದ್ಧಿ ಮಾಡಿಸಬೇಕೇ?

ಬಸವನಗುಡಿಯಿಂದ ಪ್ರಶ್ನೆ: ಅಮ್ಮನ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕಿದೆ. ಒಬ್ಬ ವೈದ್ಯರು ಮಾಮೂಲಿ ವಿಧಾನ ಸಾಕೆನ್ನುತ್ತಾರೆ, ಇನ್ನೊಬ್ಬರು ಲೇಸರ್ ಬೇಕೆನ್ನುತ್ತಾರೆ. ಖರ್ಚೂ ಹೆಚ್ಚು. ಅಮ್ಮನಿಗೆ ಬಹಳ ಹೊತ್ತು ಬಾಯಿ ತೆರೆದಿರಲು ಆಗುವುದಿಲ್ಲ. ಅನುಭವವಿದ್ದವರು ತಿಳಿಸಿ.

ರಾಜಾಜಿನಗರದಿಂದ: ಕೆಳಗಿನ ಒಂದೇ ದವಡೆ ಹಲ್ಲಿಗೆ ಎರಡು ಸಲ ರೂಟ್ ಕೆನಾಲ್ ಮಾಡಿಸಿಕೊಂಡವಳು ನಾನು. ಮೊದಲ ಸಲ, ಎಂಜಲು ಹಲ್ಲಿನೊಳಗೆ ಸೇರದಂತೆ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ ಕಟ್ಟಿರಲಿಲ್ಲ. ತೊಳೆಯುವ ದ್ರವ ನಾಲಿಗೆಗೆ ಇಳಿದು ಬಾಯೆಲ್ಲ ಬ್ಲೀಚಿಂಗ್ ಪುಡಿಯ ವಾಸನೆ. ಎರಡು ವರ್ಷದೊಳಗೆ ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದಿತು. ಎರಡನೆಯ ವೈದ್ಯೆ ಹಲ್ಲನ್ನು ಮತ್ತೆ ತೆರೆದಾಗ, ಬೇರಿನೊಳಗೆ ಯಾರೂ ಮುಟ್ಟದ ನಾಲ್ಕನೆಯ ನಾಳ ಸಿಕ್ಕಿತು. ಈ ಹಲ್ಲಿಗೆ ಸಾಮಾನ್ಯವಾಗಿ ಮೂರೇ ನಾಳ, ಕೆಲವರಿಗೆ ನಾಲ್ಕು.

ಆಕೆ ತಾಳ್ಮೆಯಿಂದ ವಿವರಿಸಿದರು: ಸೂಜಿಯಂಥ ಅರ ನಾಳವನ್ನು ಅಗಲ ಮಾಡುತ್ತದೆ, ಆದರೆ ಗೋಡೆಯ ಎಲ್ಲ ಮೂಲೆಗಳನ್ನೂ ಮುಟ್ಟುವುದಿಲ್ಲ. ಅಲ್ಲಿ ಉಳಿದ ಕೊಳೆತ ತಿರುಳನ್ನು ಕರಗಿಸಿ ಕ್ರಿಮಿಗಳನ್ನು ಕೊಲ್ಲುವುದು ಸೋಡಿಯಂ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರವ. ಅರದಿಂದ ಗೋಡೆಗೆ ಮೆತ್ತಿಕೊಂಡ ಪುಡಿಯ ಪದರವನ್ನು ತೆಗೆಯಲು ಶೇ. 17ರ ಇಡಿಟಿಎ ಎಂಬ ಇನ್ನೊಂದು ದ್ರವ. ದ್ರವ ಒಳಗೆಲ್ಲ ಆಡಲೆಂದು ಅತಿವೇಗವಾಗಿ ಕಂಪಿಸುವ ಅಲ್ಟ್ರಾಸಾನಿಕ್ ತುದಿಯಿಂದ ಕದಡಿದರು. ಲೇಸರ್ ಬಳಸಲಿಲ್ಲ. ಆರು ವರ್ಷವಾಯಿತು, ಆ ಬದಿಯಲ್ಲೇ ಚಕ್ಕುಲಿ ಕಡಿಯುತ್ತೇನೆ. ದಯವಿಟ್ಟು ಯಂತ್ರದ ಹೆಸರಿಗಿಂತ ಮೊದಲು ರಬ್ಬರ್ ಹಾಳೆಯ ಬಗ್ಗೆ ಕೇಳಿ.

ವಿಜಯನಗರದಿಂದ: ದಂತ ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದೇನೆ. ಮೇಲಿನವರು ಹೇಳಿದ್ದು ಸರಿ. ಲೇಸರ್ ಬಳಸಿದರೂ ದ್ರವದಿಂದ ತೊಳೆಯುವುದು ತಪ್ಪುವುದಿಲ್ಲ, ಅದು ಹೆಚ್ಚುವರಿ ನೆರವು ಮಾತ್ರ. ಹೈಪೋಕ್ಲೋರೈಟ್ ಬೇರಿನ ತುದಿ ದಾಟಿದರೆ ತಕ್ಷಣ ತೀವ್ರ ನೋವು, ಊತ ಬರುತ್ತದೆ. ಅದಕ್ಕೇ ನಮ್ಮ ವೈದ್ಯರು ಪಕ್ಕದಲ್ಲಿ ರಂಧ್ರವಿರುವ ಸೂಜಿಯಿಂದ, ಒತ್ತಡ ಹಾಕದೆ, ನಿಧಾನವಾಗಿ ಬಿಡುತ್ತಾರೆ. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರವವನ್ನೂ ಬಳಸುವುದಾದರೆ ನಡುವೆ ಚೆನ್ನಾಗಿ ತೊಳೆಯಲೇಬೇಕು. ಹೈಪೋಕ್ಲೋರೈಟ್ ಜೊತೆ ಸೇರಿದರೆ ಕಂದು ಬಣ್ಣದ ಗಷ್ಟು ನಾಳದಲ್ಲಿ ಕೂರುತ್ತದೆ.

ತಾಯಿಯವರ ದವಡೆ ನೋಯದಂತೆ ಹಲ್ಲುಗಳ ನಡುವೆ ಇಡುವ ರಬ್ಬರ್ ಆಸರೆಯನ್ನು ಕೇಳಿ ಹಾಕಿಸಿಕೊಳ್ಳಿ. ಎರಡು ಭೇಟಿಯಲ್ಲಿ ಮುಗಿಸಲೂ ಬಹುದು. ನಡುವಿನ ದಿನಗಳಿಗೆ ಕ್ರಿಮಿ ತಡೆಯುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪ ತುಂಬಿ ತಾತ್ಕಾಲಿಕವಾಗಿ ಮುಚ್ಚುತ್ತಾರೆ. ಆ ಮುಚ್ಚಳ ಉದುರಿದರೆ ಮುಂದಿನ ದಿನಾಂಕಕ್ಕೆ ಕಾಯದೆ ಅಂದೇ ಕರೆದುಕೊಂಡು ಹೋಗಿ.